ರತ್ನಾಬಾಯಿಯವರು ಕಂಬಳಿ ತರದ ದಿನ

ತೆಂಗಳಿಯ ನಮ್ಮ ಓಣಿಯಲ್ಲಿ ಯಾರ ಮೈಮೇಲೆ ಪಿತ್ತದ ಗಂಧೆ ಎದ್ದರೂ ರತ್ನಾಬಾಯಿಯವರನ್ನೇ ಕರೆಯುತ್ತಿದ್ದರು. ಅವರ ಕರಿಕಂಬಳಿಯನ್ನು ಮೈಗೆ ತಿಕ್ಕಿ, ಅದನ್ನೇ ಹೊದಿಸಿ ಮಲಗಿಸಿದರೆ ಗಂಧೆ ಇಳಿಯುವುದೆಂದು ಎಲ್ಲರ ನಂಬಿಕೆ.

ವಾಡಿಯಲ್ಲಿರುವ ಅವರ ಮೊಮ್ಮಗಳು ಕರುಣಾಳಿಗೆ ಶೇಂಗಾ ಆಗದು. ಹಿಂದೊಮ್ಮೆ ತಿಂದು, ಉಸಿರು ಕಟ್ಟಿ, ಹೇಗೋ ಬದುಕಿದ ಮಗು. ಶೇಂಗಾಹಿಂಡಿ ಎಂಬ ಚಟ್ನಿಪುಡಿ ಇಲ್ಲದ ಮನೆ ನಮ್ಮಲ್ಲೆಲ್ಲಿದೆ? ಆದ್ದರಿಂದ ಸೊಸೆ ಉಮಾದೇವಿ ಮಗಳನ್ನು ಊರಿಗೆ ಕಳುಹಿಸುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ, ಕೆಲದಿನ ಅತ್ತೆಯ ಬಳಿ ಬಿಡಲೆಂದು, ಕಡೆಗೂ ಕರೆತಂದಳು. ಜೊತೆಗೆ ಪೆನ್ನಿನಂತಹ ಒಂದು ಇಂಜೆಕ್ಷನ್. ಎಪಿನೆಫ್ರಿನ್ ಎಂಬ ಔಷಧವು ಅದರೊಳಗೇ ತುಂಬಿರುತ್ತದೆ. ಅಭ್ಯಾಸಕ್ಕೆಂದು ಸೂಜಿಯಿಲ್ಲದ ಇನ್ನೊಂದನ್ನು ಅತ್ತೆಯ ಕೈಗಿತ್ತಳು.

"ಅತ್ತಿ, ತುಟಿ ಊದಿ ಉಬ್ಬಸ ಬಂತಂದ್ರ ತಡಾ ಮಾಡಬ್ಯಾಡ್ರಿ. ತೊಡಿ ಹೊರಮಗ್ಗಲಿಗಿ ಒತ್ರಿ. ತೊಟ್ಟ ಅರಬಿ ಮ್ಯಾಲಿಂದೇ ನಡೀತದ."

"ಸೂಜಿ ಚುಚ್ಚೋದು ನನ್ನಿಂದ ಆಗ್ತದೇನವ್ವ?"

"ಆಗಂಗಿಲ್ಲಂದ್ರ ಹೇಳಿಬಿಡ್ರಿ. ಸಂಜಿ ಬಸ್ಸಿಗೇ ಕರ್ಕೊಂಡು ಹೋಗ್ತೀನಿ."

"ಅಂಜಸ್ತೀ ಏನು? ತಾ ಇಲ್ಲಿ!"

ಅಂದು ದಿಂಬಿಗೆ ಒತ್ತಿ ಒತ್ತಿ ಕಲಿತರು. ಮನೆಯಲ್ಲಿದ್ದ ಶೇಂಗಾ ಹೊರಗೆ ಹೋಯಿತು, ಗುರೆಳ್ಳಿನ ಹಿಂಡಿ ಬಂದಿತು.

ಒಂದು ಮಧ್ಯಾಹ್ನ ಎದುರುಮನೆಯ ಜಗದೇವಿಯು ಕಟ್ಟೆಯ ಮೇಲೆ ಆಡುತ್ತಿದ್ದ ಹುಡುಗಿಯ ಬಾಯಿಗೆ ಎಳ್ಳುಹೋಳಿಗೆಯ ತುಂಡೊಂದನ್ನು ಅಕ್ಕರೆಯಿಂದ ಇಟ್ಟಳು. ಹೂರಣಕ್ಕೆ ಶೇಂಗಾಪುಡಿ ಬೆರೆಸಿದ್ದು ಆಕೆಗೆ ನೆನಪಾಗಲಿಲ್ಲ. ನೋಡನೋಡುತ್ತಲೇ ಮಗುವಿನ ಮೈಯೆಲ್ಲ ಗಂಧೆ. ತುಟಿ ಊದಿತು, ಉಸಿರು ಸುಂಯ್‌ಗುಟ್ಟಿತು.

"ರತ್ನಕ್ಕ, ಪಿತ್ತ ಎದ್ದದ! ಕಂಬಳಿ ತರ್ರಿ, ಲಗೂ!" ಎಂದು ಜಗದೇವಿ ಕೂಗಿದಳು.

ರತ್ನಾಬಾಯಿಯವರು ಪೆನ್ನು ಹಿಡಿದು ಓಡಿಬಂದರು. ಕೂಗು ಕೇಳಿ ಪಕ್ಕದ ಮನೆಯ ಮಾಸ್ತರರೂ ಹೊರಬಂದರು.

"ಕಂಬಳಿ ಸುಡ್ಲಿ! ಕಾಲು ಗಟ್ಟಿ ಹಿಡ್ಕೊ. ಮಾಸ್ತರ, ಒಂದುನೂರಾ ಎಂಟಕ್ಕ ಫೋನ್ ಹಚ್ರಿ!"

ಲಂಗದ ಮೇಲಿಂದಲೇ ತೊಡೆಗೆ ಒತ್ತಿ ಹಿಡಿದರು. ಟಕ್ಕೆಂದಿತು. ಮಗು ಚೀರಿತು.

"ಚೀರು ನನ ಬಂಗಾರ, ಜೋರ್ ಚೀರು!"

ಆಂಬುಲೆನ್ಸ್ ಬರುವಷ್ಟರಲ್ಲಿ ಉಸಿರು ಹಗುರಾಗಿದ್ದಿತು. ಆದರೂ, ತೊಂದರೆ ಮರುಕಳಿಸೀತೆಂದು ವೈದ್ಯರು ಅಂದು ಆಸ್ಪತ್ರೆಯಲ್ಲೇ ಇರಿಸಿಕೊಂಡರು.

ಉಮಾದೇವಿ ಬಂದಾಗ ರತ್ನಾಬಾಯಿಯವರು ತಲೆಯೆತ್ತಲಿಲ್ಲ.

"ಕರ್ಕೊಂಡು ಹೋಗವ್ವ. ನಾ ಮನ್ಯಾಗಿದ್ದೂ ಹಿಂಗಾಯ್ತು."

"ಎಲ್ಲಿಗಿ ಒಯ್ಯಲ್ರಿ? ವಾಡ್ಯಾಗ ಶೇಂಗಾ ಇಲ್ಲೇನು? ಅಲ್ಲಿ ನಾ ಒಬ್ಬಾಕಿನೇ ಇದ್ದೆ. ಈಗ ನಾವು ಇಬ್ಬರು."

ಹಾಸಿಗೆಯಿಂದ ಕರುಣಾ ಅಜ್ಜಿಯತ್ತ ಬೆರಳು ತೋರಿಸಿ ಕೂಗಿದಳು: "ಆಯಿ ಭಾಳ ಜೋರ್ ಚುಚ್ಚ್ಯಾಳ!"

"ಹೌದೇನ? ಶಾಣ್ಯಾಕಿ ಆಗ್ಯಾಳ ನಿಮ್ಮಾಯಿ," ಎಂದು ಉಮಾದೇವಿ ನಕ್ಕಳು.

ಮರುದಿನ ಮಗುವನ್ನು ತೆಂಗಳಿಯ ಮನೆಗೆ ಮುಟ್ಟಿಸಿ, ಹೊಸ ಪೆನ್ನನ್ನು ಅತ್ತೆಯ ಕೈಗೆ ಕೊಟ್ಟು, ಉಮಾದೇವಿಯು ಒಬ್ಬಳೇ ವಾಡಿಯ ಬಸ್ಸು ಹತ್ತಿದಳು.