ಆಣೆ ಮಾಡಿಸದ ಮೀಟಿಂಗು

ಹಾಸನಕ್ಕೆ ಹೊರಟ ದಿನ ನನ್ನ ಬ್ಯಾಗಿನಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಕರ್ಪೂರ, ಒಂದು ಚಿಪ್ಪು ಬಾಳೆಹಣ್ಣು ಎಲ್ಲಾ ಇದ್ದವು. ಕುಡಿತ ಬಿಡಿಸುವ ಜಾಗಕ್ಕೆ ಬರಿಗೈಯಲ್ಲಿ ಹೋಗುವುದುಂಟೇ? ನಮ್ಮೂರಿನ ನರ್ಸಮ್ಮ ಹೇಳಿದ್ದಿಷ್ಟೇ: "ಭಾನುವಾರ ಬೆಳಿಗ್ಗೆ ಮೀಟಿಂಗ್ ನಡೀತದೆ. ಕುಡಿಯೋದು ಬಿಟ್ಟೋರೇ ನಡೆಸ್ತಾರೆ. ನಿಮ್ಮೆಜಮಾನ್ರನ್ನ ಕರ್ಕೊಂಡೋಗಿ, ನೀವೂ ಕೂತ್ಕಬೋದು." ಅಲ್ಲಿ ಯಾರೋ ದೊಡ್ಡವರು ಕೂತು ಗಟ್ಟಿ ಆಣೆ ಮಾಡಿಸುತ್ತಾರೆ ಅಂತ ನನಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ನಮ್ಮ ಯಜಮಾನರದು ಗಾರೆ ಕೆಲಸ. ಕೈಕೆಲಸ ಚಿನ್ನದಂಥದ್ದು, ಸಂಜೆಯಾದರೆ ಮನುಷ್ಯ ನಮ್ಮ ಪಾಲಿಗಿಲ್ಲ. ಆಣೆಯೂ ಅವರಿಗೆ ಹೊಸದಲ್ಲ. ಮನೆದೇವರ ಮುಂದೆ ಮಾಡಿದರು, ಉರಿಯುವ ಕರ್ಪೂರ ಆರಿಸಿ ಮಾಡಿದರು, ಕೊನೆಗೆ ನಮ್ಮ ಒಬ್ಬಳೇ ಮಗಳ ತಲೆ ಮುಟ್ಟಿ ಎಷ್ಟೋ ಸಲ ಮಾಡಿದರು. ಕಳೆದ ಸಲ ಅದನ್ನೂ ಮುರಿದು ಕುಡಿದು ಬಂದ ಎರಡೇ ದಿನಕ್ಕೆ ಮಗುವಿಗೆ ಜ್ವರ ಬಂತು. ಡಾಕ್ಟರು, "ಊರಿಗೆಲ್ಲ ಇದೇ ಜ್ವರ ಕಣಮ್ಮ" ಎಂದರು. ನಾನೆಲ್ಲಿ ನಂಬುತ್ತೇನೆ? ನಡುಮನೆಯಲ್ಲಿ ನಿಂತು, "ನಿಮ್ಮಾಣೆ ಮಗೀನ ತಿಂತಾ ಐತೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಮಗು ವಾಸಿಯಾಯಿತು, ನನ್ನ ಭಯ ವಾಸಿಯಾಗಲಿಲ್ಲ. ಇನ್ನೊಂದು ಸಲ ಮುರಿದರೆ ಏನು ಗತಿ? ಮುರಿಯಲಾಗದಂಥ ಆಣೆ ಬೇಕಿತ್ತು ನನಗೆ.

ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಹಾಸನದಲ್ಲಿ ಇಳಿದೆವು. ಆಟೋದವನು "ಎಲ್ಲಿಗೆ?" ಎಂದರೆ ನನಗೆ ನಾಲಿಗೆಯೇ ಏಳಲೊಲ್ಲದು. "ಮೀಟಿಂಗಿಗೆ" ಎಂದೆ. ಅವನು ನನ್ನ ಮುಖ ನೋಡಿ, ಕೈಲಿದ್ದ ಬ್ಯಾಗು ನೋಡಿ, ಸೀದಾ ಕರೆದೊಯ್ದು ಹೆಂಗಸರ ಸ್ವಸಹಾಯ ಸಂಘದ ಮುಂದೆ ಇಳಿಸಿದ. ಅಲ್ಲಿದ್ದವರು ನನಗೆ ಚಾಪೆಯಲ್ಲಿ ಜಾಗ ಬಿಟ್ಟು, ಇವರಿಗೆ ಹೊರಗೆ ಕೂರಲು ಹೇಳಿದರು. ನಾಚಿಕೆ ಬಿಟ್ಟು ಒಬ್ಬಾಕೆಯ ಕಿವಿಯಲ್ಲಿ ವಿಷಯ ಹೇಳಿದೆ. ಆಕೆ ನಗಲಿಲ್ಲ. "ಇಂದ್ಗಡೆ ಬೀದಿ ಕಣಕ್ಕ, ಸ್ಕೂಲಿನ ನೀಲಿ ಗೇಟು. ನಮ್ಮೋರೂ ಅಲ್ಲೇ ಅವ್ರೆ, ಓಗಿ" ಎಂದಳು.

ಅದು ಚಿಕ್ಕ ಮಕ್ಕಳ ಸ್ಕೂಲು. ಅಆಇಈ ಬರೆದ ಗೋಡೆಯ ಕೆಳಗೆ ದೊಡ್ಡ ದೊಡ್ಡ ಗಂಡಸರು ಮೊಣಕಾಲು ಮಡಚಿಕೊಂಡು ಪುಟ್ಟ ಬೆಂಚುಗಳ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಷರ್ಟಿನ ಒಬ್ಬರು ಎದ್ದು, "ನಾನೊಬ್ಬ ಕುಡುಕ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು! ಅಯ್ಯೋ ನನ್ನ ಕರ್ಮವೇ, ಇದಕ್ಕೂ ಚಪ್ಪಾಳೆಯೇ? ನಮ್ಮ ಬೀದಿಯಲ್ಲಿ ಈ ಮಾತಿಗೆ ತಲೆಗಳೇ ಒಡೆದಿವೆ. ಒಬ್ಬರಾದ ಮೇಲೆ ಒಬ್ಬರು ಎದ್ದು ತಮ್ಮ ಮನೆ ಹಾಳಾದ ಕಥೆ ಹೇಳಿದರು, ನಡುನಡುವೆ ನಕ್ಕರು. ಯಾವೂರು, ಯಾರ ಪೈಕಿ ಎಂದು ನಮ್ಮನ್ನು ಒಬ್ಬರೂ ಕೇಳಲಿಲ್ಲ. ನಾನು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಆಣೆಯ ಹೊತ್ತಿಗೆ ಕಾದೆ. ಕೊನೆಗೆ ಟೀ ಬಂತು.

ಟೀ ಕೊಟ್ಟ ವಯಸ್ಸಾದವರನ್ನು ತಡೆದು, "ಆಣೆ ಯಾವಾಗ ಮಾಡಿಸ್ತೀರಾ ಸಾ?" ಎಂದೆ.

"ಆಣೆಗೀಣೆ ಇಲ್ಲ ಕಣಮ್ಮ. ನಾನೇ ಬೇಕಾದಷ್ಟು ಮಾಡಿ ಮುರ್ದಿವ್ನಿ. ಇವತ್ತೊಂದಿನ ಕುಡೀದಂಗೆ ಇದ್ರಾಯ್ತು."

"ನಾಳೆ?"

"ನಾಳೀಕೆ ನಾಳೆ ನೋಡಣ."

ಇದೇನು ದಿನಗೂಲಿಯೇ? ಔಷಧಿಯಿಲ್ಲ, ಪೂಜೆಯಿಲ್ಲ, ಎಷ್ಟು ತಿಂಗಳಿಗೆ ವಾಸಿ ಎಂಬ ಲೆಕ್ಕವೂ ಇಲ್ಲ. ಬಂದಿದ್ದಕ್ಕೆ ಬಾಳೆಹಣ್ಣು ಹಂಚಿ ಎದ್ದೆ. ಮೋಸ ಹೋದೆನೋ, ಉಳಿದೆನೋ, ಒಂದೂ ತಿಳಿಯಲಿಲ್ಲ. ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ: "ನಾಳೆ ಕುಡೀತೀರೋ ಇಲ್ವೋ? ಒಂದ್ ಮಾತೇಳಿ."

"ಗೊತ್ತಿಲ್ಲ ಕಣೆ" ಎಂದರು. "ಇವತ್ತು ಕುಡಿಯಾಕಿಲ್ಲ."

ಮೈಯೆಲ್ಲ ಉರಿಯಿತು. ಹಿಂದೆಲ್ಲ "ಇನ್ನು ಜನ್ಮದಲ್ಲಿ ಮುಟ್ಟಲ್ಲ" ಎಂದು ಎದೆ ತಟ್ಟಿ ಹೇಳುತ್ತಿದ್ದವರು ಇವರೇ. ಆ ಮಾತಾದರೂ ಹಿತವಾಗಿರುತ್ತಿತ್ತು.

ಮನೆಯ ಮುಂದೆ ಮಗಳು ಕುಂಟೆಬಿಲ್ಲೆ ಆಡುತ್ತಿದ್ದಳು. ನಾವಿಬ್ಬರೂ ಒಟ್ಟಿಗೆ ಬರುವುದನ್ನು ಕಂಡು ಆಟ ಬಿಟ್ಟು ಓಡಿ ಬಂದಳು. ಅಪ್ಪನ ಮುಂದೆ ನಿಂತು ಕಣ್ಣು ಮುಚ್ಚಿ ತಲೆ ಬಗ್ಗಿಸಿದಳು.

"ಬೇಗ ಕೈ ಮಡಗಪ್ಪ. ನನ್ನಾಟ ಐತೆ" ಎಂದಳು.

ಎಂದಿನಂತೆ ಅವರ ಕೈ ಹಿಡಿದು ಅವಳ ತಲೆಯ ಮೇಲಿಡಿಸಲು ನಾನೂ ಮುಂದಾಗಿದ್ದೆ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಇನ್ಮ್ಯಾಕೆ ಬ್ಯಾಡ ಕಣವ್ವ. ಆಡ್ಕೋ ಓಗು" ಎಂದರು.

ಮಗಳು ಕಣ್ಣು ಬಿಟ್ಟಳು. ಅಪ್ಪನನ್ನಲ್ಲ, ನನ್ನನ್ನು ನೋಡಿದಳು.

"ಅಂಗಾರೆ ಈ ಸಲ ನಂಗೆ ಜ್ವರ ಬರಾಕಿಲ್ವೇನವ್ವ?"