ಮೊಮ್ಮಗಳ ಕಿವಿಗಂತ ಮಾಡಿಸಿದ ಹಲ್ಲು

ನನ್ನ ಮೊಮ್ಮಗಳ ಸುದ್ದಿ ಬರಿಯಾಕ ಕುಂತರ ಎಲ್ಲಿಂದ ಸುರು ಮಾಡಬೇಕು ತಿಳಿಯೂದಿಲ್ಲ. ಅಷ್ಟು ಹಿಗ್ಗು ಐತಿ. ನಾ ಕಲಿತದ್ದು ಕನ್ನಡ ಸಾಲಿ ಮೂರನೇ ಇಯತ್ತೆ. ಮನ್ಯಾಗ ನಮ್ಮ ಮಾತು ಬ್ಯಾರೆ, ಆದ್ರ ಬರಿಯಾಕ ಬರೂದು ಇದೊಂದೇ. ಹಳೇ ಹುಬ್ಬಳ್ಳ್ಯಾಗ ಅಂಗಿ ಹೊಲಿಯಾಂವ ನಾನು. ಅಕ್ಷರ ಸೊಟ್ಟ ಬಂದರ ಹೊಟ್ಟ್ಯಾಗ ಹಾಕ್ಕೋರಿ.

ಈಗ ಆಕಿ ಪಾಟಿ ಹಿಡಕೊಂಡು ಸಾಲಿಗೆ ಹೊಂಟಾಳ. ನಾ ಹೇಳೂದು ಆಕಿ ಹುಟ್ಟೂ ಹೊತ್ತಿನ ಮಾತು. ದೊಡ್ಡ ಯುದ್ಧ ಇನ್ನೂ ಸುರು ಆಗಿರಲಿಲ್ಲ.

ಆಕಿ ಹುಟ್ಟೂ ಹಿಂದಿನ ವರ್ಷ ಉಣಕಲ್ಲ ಕೆರಿ ಹತ್ತಿರ ನಾ ಕುಂತ ಟಾಂಗಾದ ಗಾಲಿ ತಗ್ಗಿನ್ಯಾಗ ಇಳದು, ನನ್ನ ಮುಖಾ ಮುಂದಿನ ಹಲಿಗಿಗೆ ಬಡೀತು. ಮ್ಯಾಲಿನ ಮುಂದಿನ ಎರಡು ಹಲ್ಲು ಅಲ್ಲೇ ಹೋದವು. ಮೊದಲು ನನಗೇನೂ ಅನಸಲಿಲ್ಲ. ಹಲ್ಲೀಲೆ ಕಡೀತಿದ್ದ ದಾರಾ ಕತ್ತರೀಲೆ ಕಡ್ಯಾಕ ಸುರು ಮಾಡಿದೆ, ಅಷ್ಟ. ಅಂಗಡಿಗೆ ಬಂದವರು ನಗತಿದ್ದರು, "ಮಾಸ್ತರ, ಬಾಯಾಗ ಕಾಜಾ ಬಿಟ್ಟೀರಿ, ಗುಂಡಿ ಯಾವಾಗ ಹಚ್ಚತೀರಿ?" ನಾನೂ ನಗತಿದ್ದೆ.

ಹಿಂಗಿರಬೇಕಾದ್ರ ಧಾರವಾಡಕ್ಕ ಕೊಟ್ಟ ನನ್ನ ಒಬ್ಬಾಕಿ ಮಗಳು ಬಸರಾದ್ಲು. ಮದಿವ್ಯಾಗಿ ಭಾಳ ವರ್ಷ ಆಗಿತ್ತು. ಹಕೀಮರು, ದರ್ಗಾ ಎಲ್ಲಾ ಆಗಿ, ನಾವು ಆ ಮಾತ ಬಿಟ್ಟಿದ್ದಿವಿ. ಸುದ್ದಿ ಬಂದ ದಿನ ನಾ ಒಂದ ಅಂಗಿಗೆ ಎರಡೂ ಎಡದ ತೋಳು ಹಚ್ಚಿದೆ.

ನಮ್ಮಲ್ಲಿ ಕೂಸು ಹುಟ್ಟಿದ ಕೂಡ್ಲೆ ಅದರ ಬಲಗಿವ್ಯಾಗ ಬಾಂಗ್ ಕೊಡತೇವಿ. ಮಸೀದ್ಯಾಗ ನಮಾಜಿಗೆ ಕರಿಯೂ ಮಾತೇ ಅದು, ಆದ್ರ ಸಣ್ಣ ದನೀಲೆ. ಈ ಜಗತ್ತಿನ್ಯಾಗ ಕೂಸು ಕೇಳೂ ಮೊದಲನೇ ಮಾತು ಅದಾಗಿರಬೇಕು. ನನ್ನ ಮಗಳ ಕಿವ್ಯಾಗ ನಮ್ಮ ಅಪ್ಪ ಕೊಟ್ಟಿದ್ದರು. ಆಕಿ ಕೂಸಿನ ಕಿವ್ಯಾಗ ನಾ ಕೊಡಬೇಕು. ಬ್ಯಾರೆ ಆಸೆ ಏನೂ ಇರಲಿಲ್ಲ ನನಗ.

ನನ್ನಾಕಿ ಕೇಳಿ ಬಾಯಿಗೆ ಸೆರಗು ಒತ್ತಿಕೊಂಡ್ಲು. "ನೀವು ಬಾಂಗ್ ಕೊಟ್ಟರ ರೈಲ್ವೇ ಗಾರ್ಡ ಸೀಟಿ ಊದಿದಂಗ ಆಕ್ಕೇತ್ರಿ. ಕೂಸು ಗಾಡಿ ಬಂತಂತ ಎದ್ದು ಹೊಂಟೀತು!"

ಅಂಗಡ್ಯಾಗ ಒಬ್ಬನೇ ಕುಂತು ಅಂದು ನೋಡಿದೆ. ಆಕಿ ಅಂದದ್ದು ಖರೇ. ಮೊದಲನೇ ಮಾತಿಗೆ ಮುಂದಿನ ಹಲ್ಲು ಬೇಕಾಗೂದಿಲ್ಲ, ಅದಕ್ಕ ತ್ರಾಸಿಲ್ಲ. ಮುಂದ ನಾಲಿಗಿ ಹಲ್ಲಿಗೆ ಹೋಗೂ ಕಡೆ ಎಲ್ಲಾ ಬರೇ ಗಾಳಿ.

ಧಾರವಾಡದಾಗ ಮುಂಬೈಗೆ ಹೋಗಿ ಕಲಿತು ಬಂದ ಹಲ್ಲಿನ ಡಾಕ್ಟರೊಬ್ಬರಿದ್ದರು. ನನ್ನ ಬಾಯಿ ನೋಡಿ, "ಇದಕ್ಕ ಬ್ರಿಜ್ ಕೂಡಸಬೇಕು ಮಾಸ್ತರ" ಅಂದರು. "ಎರಡೂ ಬಾಜೂದ ಹಲ್ಲಿಗೆ ಬಂಗಾರದ ಟೊಪ್ಪಿಗಿ ಹಾಕಿ, ನಡುವ ಎರಡು ಪಿಂಗಾಣಿ ಹಲ್ಲು ಹಿಡಿಸ್ತೀನಿ. ಹಳ್ಳದ ಮ್ಯಾಲೆ ಪೂಲು ಕಟ್ಟಿದಂಗ. ಆದ್ರ ಟೊಪ್ಪಿಗಿ ಕೂಡಬೇಕಂದ್ರ ಬಾಜೂದವನ್ನ ತಿಕ್ಕಿ ಸಣ್ಣ ಮಾಡಬೇಕಾಗ್ತದ."

"ಅವು ಛಲೋ ಅದಾವಲ್ರಿ?"

"ಛಲೋ ಅವ ಅಂತನ ಈ ಕೆಲಸ ಆಗ್ತದ."

ಕುರ್ಚಿ ಮ್ಯಾಲೆ ತಲಿ ಹಿಂದಕ್ಕ ಚೆಲ್ಲಿ ಬಾಯಿ ತೆರದೆ. ಸೂಜಿ ಚುಚ್ಚಿದರು, ತುಟಿ ನಂದಲ್ಲ ಅನ್ನೂಹಂಗ ಆತು. ಅವರ ಯಂತ್ರಕ್ಕೂ ನನ್ನ ಮಶೀನಿನಂಗ ಕಾಲಾಗ ತುಳಿಯೂ ಹಲಿಗಿ ಇತ್ತು. ಅವರು ತುಳೀತಿದ್ದಂಗ ನನ್ನ ಕಾಲೂ ಗಾಳ್ಯಾಗ ಅದೇ ತಾಳಕ್ಕ ಆಡಾಕ ಹತ್ತಿತು. "ಕಾಲು ತಡೀರಿ ಮಾಸ್ತರ, ಇಬ್ಬರೂ ತುಳದ್ರ ಹಲ್ಲು ಉಳಿಯೂದಿಲ್ಲ" ಅಂದರು. ತಡಿಯಾಕ ನೋಡಿದೆ, ಆಗಲಿಲ್ಲ. ಮೂಗಿಗೆ ಸುಟ್ಟ ಕೊಂಬಿನ ವಾಸನಿ ಬಂತು, ಅದು ನಂದೇ ಹಲ್ಲು.

ಬಾಯಾಗ ಪ್ಲಾಸ್ಟರ್ ತುಂಬಿ ಅಳತಿ ತಗೊಂಡರು. ಬ್ರಿಜ್ಜು ಮುಂಬೈದಾಗ ಆಗಿ ಬರಬೇಕು ಅಂದರು. ಅಲ್ಲೀತನಕ ಅಂತ ತಿಕ್ಕಿದ ಹಲ್ಲಿಗೆ ಮೇಣದಂಥಾದ್ದೇನೋ ಮೆತ್ತಿ ಕಳಿಸಿದರು. ಮರುದಿನ ಬಿಸಿ ಚಹಾದ ಜೋಡಿ ಅದೂ ಹೋತು. ನನ್ನಾಕಿ ಕಂದೀಲು ಒರಸೂದು ಬಿಟ್ಟು ನನ್ನ ಬಾಯಿ ನೋಡಿದ್ಲು. "ಅಲ್ರಿ, ಕಿಡಕಿ ಮುಚ್ಚಸಾಕ ಹೋದವರು ಬಾಗಲಾ ತಗಿಸ್ಕೊಂಡು ಬಂದ್ರ್ಯಾ?"

ಚೊಚ್ಚಲ ಬಾಣಂತನಕ್ಕಂತ ಮಗಳು ಆಗಲೇ ನಮ್ಮ ಮನಿಗೆ ಬಂದಿದ್ಲು. ಸೂಲಗಿತ್ತಿ ಹೊಟ್ಟಿ ಮುಟ್ಟಿ ನೋಡಿ ಇನ್ನೂ ತಿಂಗಳು ಐತಿ ಅಂದಿದ್ಲು. ಅಷ್ಟರಾಗ ಹಲ್ಲು ಬರತಾವ ಅಂತ ನಾ ಧೈರ್ಯಾ ಹಿಡದಿದ್ದೆ.

ಕೂಸು ತಿಂಗಳು ಕಾಯಲಿಲ್ಲ.

ಅವತ್ತು ಮುಂಜಾನೆ ಮಗಳ ಮಾವ, ನಮ್ಮ ಬೀಗರು, ತಮ್ಮ ಗಾಜಿನ ಬಳಿ ಅಂಗಡಿಗೆ ಮಾಲು ಒಯ್ಯಾಕ ಹುಬ್ಬಳ್ಳಿಗೆ ಬಂದವರು ಸೊಸೀನ್ನ ನೋಡಿ ಹೋಗೂಣಂತ ಬಂದಿದ್ದರು. ಅವರಿಗೆ ಬಾಯಿ ತುಂಬ ಹಲ್ಲು. ಬಂದಾಗೊಮ್ಮೆ ನನ್ನ ಎದುರಿಗೇ ಕುಂತು ಕಬ್ಬು ಸಿಗದು ತಿಂತಿದ್ದರು. "ಬೀಗರ, ನಿಮಗೊಂದ ಕಬ್ಬಿನ ಗಣಿಕಿ ಕೊಡ್ಲ್ಯಾ?" ಅಂತಿದ್ದರು. ಅವತ್ತೂ ಕಬ್ಬು ಕೈಯಾಗಿತ್ತು. ಒಳಗ ಮಗಳು ನರಳೂದು ಕೇಳಿದ ಮ್ಯಾಲೆ ಅದನ್ನ ಗ್ವಾಡಿಗೆ ಆನಿಸಿ ಇಟ್ಟರು. ಇಬ್ಬರೂ ಕಟ್ಟಿ ಮ್ಯಾಲೆ ಕುಂತಿವಿ. ಗಂಡಸರಿಗೆ ಇನ್ನೇನು ಮಾಡಾಕ ಬರತದ? ನಾ ಎದ್ದು ನೀರು ಸೇದೂದು, ತುಂಬಿದ ಕೊಡಾ ಚೆಲ್ಲಿ ಮತ್ತ ಸೇದೂದು.

ಮಧ್ಯಾಹ್ನದ ಹೊತ್ತಿಗೆ ಕೂಸು ಅತ್ತಿತು. ಸೂಲಗಿತ್ತಿ ಮೈ ತೊಳದು, ನಾನೇ ಹೊಲಿದ ಮೆತ್ತನ್ನ ಅರಿವ್ಯಾಗ ಸುತ್ತಿ, ನನ್ನ ಕೈಯಾಗ ಇಟ್ಟು, "ಹೆಣ್ಣಮಗಳು ನೋಡ್ರಿ" ಅಂದ್ಲು. ಏನ್ ಹೇಳ್ಲಿ! ಕೆಂಪನ್ನ ಮುಖಾ, ತಲಿ ತುಂಬ ಕೂದಲಾ, ಕಿವಿ ಹೂವಿನ ಎಸಳಿನಷ್ಟು. ಬೀಗರು ನನ್ನ ಕಡೆ ನೋಡಿದರು. ಬಾಗಲಾಗ ನಿಂತು ನನ್ನಾಕಿ ನೋಡಿದ್ಲು. ನಮಾಜಿಗೆ ನಿಂದರೂ ಕಿಬ್ಲಾ ಕಡೆ ಮಾರಿ ಮಾಡಿ, ಆ ಕಿವಿಗೆ ಬಾಯಿ ತಂದೆ.

ಮೊದಲನೇ ಮಾತು ಬಂತು. ಮತ್ತೊಮ್ಮೆ ಅಂದೆ, ಬಂತು. ಮುಂದಿನ ಮಾತಿಗೆ ನಾಲಿಗಿ ಹಲ್ಲು ಹುಡಿಕಿತು. ಸಿಕ್ಕಿದ್ದು ತಿಕ್ಕಿದ ಎರಡು ಗೂಟಾ. ಗಾಳಿ ಹೋತು, ಜೋಡಿಗೆ ಉಗುಳು ಕೂಸಿನ ಗಲ್ಲಕ್ಕ ಸಿಡೀತು. ಒರಸಿ ಮತ್ತ ಅಂದೆ. ಮತ್ತ ಗಾಳಿ. ಮಾತು ನನಗ ಬಾಯಿಪಾಠ, ಮನಸಿನ್ಯಾಗ ಸರಿಯಾಗಿ ನಡದಿತ್ತು, ಬಾಯಾಗ ಮಾತ್ರ ಬರವಲ್ದು. ಅಂಥಾ ಕಿವಿಗೆ ಹರಕ ಮುರಕ ಮಾತು ಹೆಂಗ ಕೊಡೂದು?

ಬೀಗರು ನನ್ನ ಬಾಜೂಕ ಬಂದು ಕುಂತರು. ಅವತ್ತು ಅವರು ಚ್ಯಾಷ್ಟಿ ಮಾಡಲಿಲ್ಲ. "ನೀವು ಕೂಸಿನ್ನ ಗಟ್ಟಿ ಹಿಡೀರಿ ಬೀಗರ, ನನ್ನ ಕೈ ನಡಗತಾವ" ಅಂದರು. ಅವರ ಕೈ ನಡಗತಿರಲಿಲ್ಲ, ನಾ ನೋಡಿದೆ. ಅವರು ಕೂಸಿನ ಕಿವ್ಯಾಗ ಬಾಂಗ್ ಮೊದಲಿಂದ ಸುರು ಮಾಡಿದರು. ಒಂದೊಂದು ಮಾತೂ ಬಿಡಿಸಿ, ಸ್ವಚ್ಛ. ನಾ ಕೂಸಿನ ತಲಿ ಹಿಡದಿದ್ದೆ, ತುಟಿ ಅಷ್ಟ ಆಡಸಾಕ ಹತ್ತಿದ್ದೆ. ಕಣ್ಣೀರು ಒರಸಾಕ ಕೈ ಖಾಲಿ ಇರಲಿಲ್ಲ, ಹಿಡಕೊಳ್ಳಾಕ ಇನ್ನೊಬ್ಬರಿಗೆ ಕೊಡೂ ಮನಸೂ ಇರಲಿಲ್ಲ.

ಮುಂಬೈದ ಪಾರ್ಸಲ್ ಬಂದಾಗ ಕೂಸಿಗೆ ಹೆಸರಿಟ್ಟು ಆಗಿತ್ತು. ಯಾತಕ್ಕಂತ ಮಾಡಿಸಿದ್ದೆನೋ ಅದು ಮುಗದು ಹೋಗಿತ್ತು. ಇನ್ನ ಬ್ಯಾಡ ಅನ್ನೂಹಂಗೂ ಇರಲಿಲ್ಲ. ತಿಕ್ಕಿದ ಹಲ್ಲಿಗೆ ನೀರು ತಾಗಿದ್ರ ಜೀವಾ ಜಲ್ಲಂತಿತ್ತು, ಹೋಗಲೇಬೇಕು. ಡಾಕ್ಟರು ಸಿಮೆಂಟ್ ಹಚ್ಚೂ ಮೊದಲು ಬರೇ ಕೂಡಿಸಿ ನೋಡಿ, "ಏನರೆ ಮಾತಾಡ್ರಿ, ಶಬ್ದ ಸರಿ ಬರ್ತಾವೇನು ನೋಡೋಣು" ಅಂದರು.

ಬಾಂಗ್ ನಾಲಿಗಿ ತುದಿಗೆ ಬಂದಿತ್ತು. ಅಲ್ಲಿ ಯಾರ ಕಿವಿಗಂತ ಕೊಡಲಿ? ಮೊಮ್ಮಗಳ ಹೆಸರು ಅಂದೆ. ಆ ಹೆಸರಿನ ನಡುವ ಹಲ್ಲಿಗೆ ತಾಗಿ ಬರೂ ಅಕ್ಷರ ಒಂದೈತಿ. ನೆಟ್ಟಗ ಬಂತು. ಮತ್ತ ಅಂದೆ. ಮತ್ತ ಮತ್ತ ಅಂದೆ.

"ಯಾರ್ರೀ ಇಕಿ?"

ಕೇಳಿದ್ದ ತಡ, ಮೂಗು ಅಜ್ಜೀದು, ಮುಷ್ಟಿ ಬಿಡೂದಿಲ್ಲ, ಮಶೀನಿನ ಸಪ್ಪಳಕ್ಕ ನಿದ್ದಿ ಮಾಡತಾಳ, ಅಂತ ನಾ ಸುರು ಹಚ್ಚಿಕೊಂಡೆ. ಸಿಮೆಂಟ್ ಹಚ್ಚಿ ಕೂಡಿಸಿದ ಮ್ಯಾಲೂ ನಿಲ್ಲಸಾಕ ಆಗಲಿಲ್ಲ. ಡಾಕ್ಟರು, "ಮಾಸ್ತರ, ನಿಮಗ ಕೈ ಮುಗೀತೀನಿ, ಬಾಯಿ ಮುಚ್ರಿ. ಇದು ಗಟ್ಟಿ ಆಗೂತನಕ ತೆರೀಬ್ಯಾಡ್ರಿ" ಅಂದು ಹೊರಗ ಬಾಕಿನ ಮ್ಯಾಲೆ ಕುಂಡ್ರಿಸಿದರು.

ಬಾಜೂಕ ಒಬ್ಬಾಕಿ ಮುದುಕಿ ಗದ್ದಾ ಹಿಡಕೊಂಡು ಕುಂತಿದ್ಲು. ನನ್ನ ಒದ್ದಿ ಕಣ್ಣು ನೋಡಿ, "ಒಳಗ ಏನ್ ಹಾಕಿ ಕಿತ್ತರೋ ಯಪ್ಪಾ?" ಅಂದ್ಲು. ಬಾಯಿ ತೆರಿಯೂಹಂಗಿಲ್ಲ, ಹೇಳದ ಇರಾಕೂ ಆಗವಲ್ದು. ಎರಡೂ ಕೈ ಅಗಲಿಸಿ ಕೂಸು ಇಷ್ಟುದ್ದ ಐತಿ ಅಂತ ತೋರಿಸಿದೆ. ಆಕಿ ನನ್ನ ಕೈ ನೋಡಿದ್ಲು, ಡಾಕ್ಟರ ಬಾಗಲಾ ನೋಡಿದ್ಲು, ಸೆರಗು ಹೊದ್ದುಕೊಂಡು ಎದ್ದು ಹೊಂಟೇ ಬಿಟ್ಲು.