ಉಳಿಪೆಟ್ಟಿಗೆಯೊಳಗಿನ ಜ್ಯೇಷ್ಠಮಧು

ನನ್ನ ಉಳಿಪೆಟ್ಟಿಗೆಯ ಮೂಲೆಯಲ್ಲಿ, ಸಣ್ಣ ಉಳಿಗಳ ಪಕ್ಕದಲ್ಲೇ, ದಾರ ಸುತ್ತಿದ ಜ್ಯೇಷ್ಠಮಧುವಿನ ಕಡ್ಡಿಗಳ ಒಂದು ಕಟ್ಟು ಇದೆ. ಮರ ಕೆತ್ತುವವನಿಗೆ ಗಂಟಲಿನ ಔಷಧಿ ಏತಕ್ಕೆ ಎಂದು ನೀವು ಕೇಳಬಹುದು. ಕೇಳಿ, ಸಂಕೋಚವಿಲ್ಲದೆ ಹೇಳುತ್ತೇನೆ. ಹಾಗೆ ಹೇಳಲು ಸಾಧ್ಯವಾದದ್ದೇ ಈಚೆಗೆ.

ಪುಣೆಯ ಸದಾಶಿವ ಪೇಠೆಯ ಒಂದು ಹಳೆಯ ವಾಡೆಮನೆಯ ಮಹಡಿಯಲ್ಲಿ, ಧಾರವಾಡದ ಕಡೆಯ ನನ್ನ ಗುರುಗಳ ಎದುರು ಹನ್ನೆರಡು ವರ್ಷ ತಂಬೂರಿ ಹಿಡಿದು ಕೂತವನು ನಾನು. ಬೆಳಗಿನ ಖರಜ, ಅಂದರೆ ಮಂದ್ರಸ್ವರದ ಸಾಧನೆಯಲ್ಲಿ ಅವರು ಕರುಣೆ ತೋರಿಸಿದವರಲ್ಲ. ಸ್ವರ ಕೂದಲೆಳೆಯಷ್ಟು ಜಾರಿದರೂ ಮತ್ತೆ ಮೊದಲಿನಿಂದ. ನನ್ನ ಕಳ್ಳಮನಸ್ಸೋ ರಾಗಕ್ಕಿಂತ ಹೆಚ್ಚಾಗಿ ತಂಬೂರಿಯ ಮರದಲ್ಲಿ, ಅದರ ಮೇಲಿನ ಬಳ್ಳಿಯ ಕೆತ್ತನೆಯಲ್ಲಿ ಅಲೆಯುತ್ತಿತ್ತು. ಒಂದು ದಿನ, ಹಾಡು ಬಿಟ್ಟು ಮರ ಕೆತ್ತುತ್ತೇನೆ ಎನ್ನುವ ಧೈರ್ಯ ಸಾಲದೆ, ಗಂಟಲು ಕೆಟ್ಟಿದೆ, ಇನ್ನು ಹಾಡಲೇಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ಹಸಿ ಸುಳ್ಳು ಹೇಳಿ ಮೆಟ್ಟಿಲಿಳಿದೆ. ಆ ದೀಪಾವಳಿಗೆ ಗುರುಗಳು ಯಾರದೋ ಕೈಯಲ್ಲಿ ಜ್ಯೇಷ್ಠಮಧು ಕಳಿಸಿದರು. ಮರುವರ್ಷವೂ ಕಳಿಸಿದರು. ಏಳು ವರ್ಷಕ್ಕೆ ಏಳು ಕಟ್ಟು. ಒಂದು ಕಡ್ಡಿಯನ್ನೂ ಬಾಯಿಗಿಡಲು ನನಗೆ ಮುಖವಿರಲಿಲ್ಲ.

ಹಾಡು ಬಿಟ್ಟರೂ ಕಿವಿ ಬಿಡಬೇಕಲ್ಲ! ಮರದ ಅಡ್ಡೆಯಲ್ಲಿ ಉಳಿದವರು ಗೆರೆ, ಗಂಟು, ಬಣ್ಣ ನೋಡುತ್ತಿದ್ದರೆ ನಾನು ದಿಮ್ಮಿಗಳನ್ನು ಬೆರಳಿನಿಂದ ಬಡಿದು ಕಿವಿಗೊಡುತ್ತಿದ್ದೆ. ಹಾಗೆ ಬಡಿಯುತ್ತ ಹೋದಾಗ ಕೊಂಕಣದಿಂದ ಬಂದ ಒಂದು ಹಲಸಿನ ದಿಮ್ಮಿ ಎಷ್ಟು ಗಂಭೀರವಾಗಿ ನುಡಿಯಿತೆಂದರೆ, ಬೇರೇನೂ ನೋಡದೆ ಟೆಂಪೋಕ್ಕೆ ಹೇರಿಸಿಬಿಟ್ಟೆ. ಅದರಲ್ಲಿ ಕಣ್ಣು ಮುಚ್ಚಿ ಹಾಡುವವನೊಬ್ಬನನ್ನು ಕೆತ್ತುತ್ತ ಎದೆಯ ಹತ್ತಿರ ಬಂದಾಗ ಉಳಿ ಸರಕ್ಕನೆ ಒಳಗೆ ಹೋಯಿತು. ದಿಮ್ಮಿಯ ನಡುವೆ ಪೊಳ್ಳು! ಅಷ್ಟು ಚೆನ್ನಾಗಿ ನುಡಿಯುವ ಮರ ಒಳಗೆ ಟೊಳ್ಳಾಗಿರುತ್ತದೆಂದು ಯಾವ ಬಡಿಗನಾದರೂ ಹೇಳುತ್ತಿದ್ದ. ಮೋಸಹೋಗಲು ಹನ್ನೆರಡು ವರ್ಷದ ಸಂಗೀತಾಭ್ಯಾಸವೇ ಬೇಕು. ಎರಡು ದಿನ ತಲೆಯ ಮೇಲೆ ಕೈ ಹೊತ್ತು ಕೂತೆ. ಚಕ್ಕೆ ತುಂಬಿ ಮುಚ್ಚಲು ಹೋಗಿ, ಯಾಕೋ ಕೈ ಬಾರದೆ, ಅಂಚು ನಯ ಮಾಡಿ ಹಾಗೆಯೇ ಬಿಟ್ಟೆ. ಒಂದನ್ನು ಏಳು ವರ್ಷ ಮುಚ್ಚಿಟ್ಟು ದಣಿದವನಿಗೆ ಇನ್ನೊಂದನ್ನು ಮುಚ್ಚುವ ತ್ರಾಣ ಇರಲಿಲ್ಲವೇನೋ.

ಅದೇ ವರ್ಷ ನನ್ನ ಕೆತ್ತನೆಗಳ ಸಣ್ಣದೊಂದು ಪ್ರದರ್ಶನವಾಯಿತು. ಎರಡನೆಯ ದಿನ ಮಧ್ಯಾಹ್ನ ಕೋಲೂರಿಕೊಂಡು ಒಳಗೆ ಬಂದವರು ನನ್ನ ಗುರುಗಳು.

"ಗಂಟಲಾ ಈಗ ಹೆಂಗದಪಾ?" ಅದೇ ಅವರ ಮೊದಲ ಮಾತು.

ಇನ್ನು ತಡೆಯಲಾಗಲಿಲ್ಲ. "ಗುರುಗಳ, ಗಂಟಲಕ್ಕ ಏನೂ ಆಗಿದ್ದಿಲ್ರಿ. ಹಾಡೂದು ಬಿಡಬೇಕಂತ ಸುಳ್ಳು ಹೇಳಿದ್ದೆ," ಎಂದು ಕಾಲು ಹಿಡಿದೆ.

ಬೈಗುಳಕ್ಕೆ ಬೆನ್ನು ಬಗ್ಗಿಸಿ ಕಾದೆ. ಬರಲಿಲ್ಲ. ತಲೆಯೆತ್ತಿದರೆ ಗುರುಗಳ ಕಣ್ಣು ತುಂಬಿತ್ತು.

"ಹಂಗಾರ ನಾ ಕೆಡಿಸಲಿಲ್ಲಲಾ? ಭಾಳ ಜುಲುಮಿ ಮಾಡಿ ಹುಡುಗನ ಗಂಟಲಾ ಹಾಳ ಮಾಡಿದೆ ಅಂತ, ಏಳು ವರ್ಷ ಯಾರಿಗೂ ಖರಜ ಹೇಳಿಕೊಟ್ಟಿಲ್ಲೋ ನಾ!"

ಸುಳ್ಳಿನ ಭಾರ ನನ್ನೊಬ್ಬನದೇ ಎಂದುಕೊಂಡಿದ್ದೆ. ಅದರ ದೊಡ್ಡ ಪಾಲನ್ನು ಆ ಮುದುಕರು ಹೊತ್ತು ತಿರುಗಿದ್ದರು. ನಾಚಿಕೆಯಿಂದ ಕುಗ್ಗಿಹೋದೆ, ನಿಜ. ಆದರೆ ಅವರ ಮುಖ ಕಣ್ಣೆದುರಿಗೇ ತಿಳಿಯಾಗುತ್ತಿದ್ದುದನ್ನು ಕಂಡು ನನಗೂ ಎಷ್ಟೋ ವರ್ಷಗಳ ಮೇಲೆ ಉಸಿರು ಸರಾಗವಾಗಿ ಬಂತು.

ಆಮೇಲೆ ಅವರು ಹಲಸಿನ ಹಾಡುಗಾರನ ಟೊಳ್ಳೆದೆಯನ್ನು ಬೆರಳಿನಿಂದ ಬಡಿದು ಕೇಳಿದರು. "ನಡುನಡುವ ಜಾಗಾ ಬಿಟ್ಟು ಹಾಡೋ ಅಂತ ಬಡಕೊಂಡೆ. ಒಂದಿನಾ ಬಿಡಲಿಲ್ಲ. ಇಲ್ಲಿ ಬಿಟ್ಟೀದಿ." ಹೊರಡುವಾಗ ಬಾಗಿಲಲ್ಲಿ ನಿಂತು, "ಜ್ಯೇಷ್ಠಮಧು ಉಳದಿದ್ರ ವಾಪಸ್ ಕೊಡು. ನಾಳಿಂದ ನನಗ ಬೇಕಾಗ್ತದ," ಎಂದರು.

ಆ ಸಂಜೆಯೇ ಆರು ಕಟ್ಟು ಒಯ್ದು ಕೊಟ್ಟೆ, ಒಂದನ್ನು ಹೇಳದೆ ಇಟ್ಟುಕೊಂಡೆ. ಈಗಲೂ ಬೆಳಗ್ಗೆ ಸದಾಶಿವ ಪೇಠೆಯ ಕಡೆ ಹೋಗುವುದಿದ್ದರೆ ಅದರಿಂದ ಒಂದು ಕಡ್ಡಿ ಮುರಿದು ಬಾಯಿಗೆ ಹಾಕಿಕೊಂಡು, ಆ ವಾಡೆಯ ಕೆಳಗೆ ನಿಲ್ಲುತ್ತೇನೆ. ಮೇಲೆ ಯಾರೋ ಖರಜ ಹಿಡಿದಿರುತ್ತಾರೆ. ಮತ್ತೆ ಮೊದಲಿನಿಂದ ಎಂದು ಗುರುಗಳು ಗದರುವುದು ಬೀದಿಯವರೆಗೂ ಕೇಳುತ್ತದೆ. ಕಡ್ಡಿ ಸಿಹಿಯಾಗಿದೆ.